ಯಂತ್ರ ಬದಲಿಸಿದಿರಿ, ಮಕ್ಕಳ ಪದಗಳನ್ನೇಕೆ ಅಳಿಸಿದಿರಿ?

ಓದುಕೋಣೆಗಳ ಕಂಪ್ಯೂಟರಿಗೆ ತಂತ್ರಾಂಶ ಹಾಕಿಸುವ ಮಾನ್ಯ ಅಧಿಕಾರಿಗಳೇ,

ಪಾಂಡವಪುರದಲ್ಲಿ ಕಣ್ಣು ಕಾಣದ ಮಕ್ಕಳಿಗೆ ಪಾಠ ಓದಿ ಹೇಳುತ್ತಿದ್ದ ಕಂಪ್ಯೂಟರಿನ ಬಾಯಿ ಕಟ್ಟಿದ್ದೀರಿ. ನನ್ನ ಮೊಮ್ಮಗಳು ಧನುಶ್ರೀ ಪಿಯುಸಿ ಪರೀಕ್ಷೆಗೆ ಓದುತ್ತಿದ್ದುದು ಅದರಿಂದಲೇ. ಮೊದಲು ಅದು ಹೊಸಹೊಳಲು ಎಂಬ ಊರಿನ ಹೆಸರನ್ನೂ ಮುರಿದು ಮುರಿದು ಹೇಳುತ್ತಿತ್ತು. ಬೇಸಿಗೆ ರಜೆಯೆಲ್ಲ ಕೂತು ಸಾವಿರಾರು ಪದಗಳ ಉಚ್ಚಾರವನ್ನು ಅದಕ್ಕೆ ಕಲಿಸಿದವಳು ಧನುಶ್ರೀ. ಆ ಪದಕೋಶವನ್ನು ಶ್ರೀರಂಗಪಟ್ಟಣ, ಕೆ.ಆರ್.ಪೇಟೆ, ನಾಗಮಂಗಲದ ಓದುಕೋಣೆಗಳಿಗೂ ಹಾಕಿಸಿ, ಅವಳಿಗೆ ಶಾಲು ಹೊದಿಸಿ ಫೋಟೊ ತೆಗೆಸಿಕೊಂಡವರು ನೀವೇ.

ಕಳೆದ ವಾರ ಹೊಸ ಕಂಪ್ಯೂಟರು ಬಂತು. ಮತ್ತೆ ಅದೇ ತೊದಲು. ಕೇಳಿದರೆ ಓದುಕೋಣೆ ನೋಡಿಕೊಳ್ಳುವ ನಿಂಗರಾಜು ಹೇಳಿದ:

“ಹೊಸದ್ರ ಒಳಗೆ ಕೆಲ್ಸ ಮಾಡೋ ಚಿಪ್ಪೇ ಬೇರೆ ಕಣವ್ವ. ಹಳೇ ಚಿಪ್ಪಿನ ಫೋಲ್ಡರು ಇದಕ್ಕಾಗಲ್ಲ ಅಂತ ಪೂರ್ತಿ ಅಳಿಸ್ಬುಟ್ರು.”

“ಪದಗಳು ಎಲ್ಲಿದ್ವಲಾ?”

“ಅದೇ ಫೋಲ್ಡರಿನಾಗೆ.”

“ಕನ್ನಡ ಪದಕ್ಕೂ ಚಿಪ್ಪಿಗೂ ಏನ್ಲಾ ಸಂಬಂಧ?”

“ಏನೂ ಇಲ್ಲ. ಇಟ್ಟೋರು ಅಂಗೇ ಇಟ್ಬುಟ್ಟವ್ರೆ. ನನ್ಮ್ಯಾಲೆ ರೇಗಿದ್ರೆ ಅವು ವಾಪಸ್ ಬಂದಾವಾ?”

ಸ್ವಾಮಿ, ನಾನು ಹೈಸ್ಕೂಲಿಗೇ ಓದು ನಿಲ್ಲಿಸಿ ಆಲೆಮನೆ ನಡೆಸಿದವಳು. ಡೀಸೆಲ್ ಎಂಜಿನ್ ತೆಗೆದು ಕರೆಂಟಿನ ಮೋಟಾರು ಕೂರಿಸಿದಾಗ ಆ ಎಂಜಿನ್ನಿಗೇ ಹೊಂದುತ್ತಿದ್ದ ಬೆಲ್ಟು, ಪುಲ್ಲಿಗಳನ್ನು ಗುಜರಿಗೆ ಹಾಕಿದೆವು. ಬೆಲ್ಲದ ಅಚ್ಚುಗಳನ್ನು ಹಾಕಲಿಲ್ಲ. ಯಾವ ಯಂತ್ರ ಕಬ್ಬು ಅರೆದರೂ ಅಚ್ಚು ಬೇಕೇ ಬೇಕು, ಆದ್ದರಿಂದಲೇ ಅವುಗಳನ್ನು ಎಂಜಿನ್ನಿನ ಜೊತೆ ಇಟ್ಟಿರಲಿಲ್ಲ. ಒಂದು ಯಂತ್ರಕ್ಕೆ ಮಾತ್ರ ಸಲ್ಲುವುದು ಒಂದು ಕಡೆ, ಎಲ್ಲ ಯಂತ್ರಕ್ಕೂ ಸಲ್ಲುವುದು ಇನ್ನೊಂದು ಕಡೆ. ಇಷ್ಟು ತಿಳಿಯಲು ನಿಮಗೆ ಇನ್ನೂ ಯಾವ ಪದವಿ ಬೇಕು? ತಂತ್ರಾಂಶದವರಲ್ಲಿ ಈ ನಿಯಮ ಎಂದಿನಿಂದಲೋ ಇದೆ ಎನ್ನುತ್ತಾಳೆ ಧನುಶ್ರೀ. ನಿಮ್ಮ ಗುತ್ತಿಗೆದಾರರು ಅದನ್ನು ಓದಲಿಲ್ಲವೇ? ಅವರಿಗೆ ಕಣ್ಣು ಕಾಣುತ್ತದಲ್ಲ?

ಉಳಿದ ಮೂರು ಊರುಗಳ ಹಳೆಯ ಕಂಪ್ಯೂಟರುಗಳನ್ನು ಸೋಮವಾರ ಅಳಿಸುತ್ತಾರಂತೆ. ಪದಕೋಶ ಉಳಿದಿರುವುದು ಅವುಗಳಲ್ಲಿ ಮಾತ್ರ. ತಕ್ಷಣ ಆ ಅಳಿಸುವುದನ್ನು ತಡೆಯಿರಿ. ಮೊದಲು ಪದಕೋಶವನ್ನು ಹೊರತೆಗೆದು ಎಲ್ಲ ಕಂಪ್ಯೂಟರುಗಳಿಗೂ ಸಿಗುವ ಸಾಮಾನ್ಯ ಜಾಗದಲ್ಲಿ ಇಡಿಸಿ. ಹೀಗೆ ಬೇರ್ಪಡಿಸದ ತಂತ್ರಾಂಶವನ್ನು ಇನ್ನು ಒಪ್ಪುವುದಿಲ್ಲವೆಂದು ಆದೇಶ ಹೊರಡಿಸಿ. ಮೂರು ಬಾಗಿಲಿಗೂ ಅಡ್ಡ ಕೂರಲು ನನ್ನೊಬ್ಬಳಿಂದ ಆಗದು. ಸೋಮವಾರ ನಾಗಮಂಗಲದ ಬಾಗಿಲಲ್ಲಿ ಕೂತಿರುತ್ತೇನೆ. ಒಂದು ಪ್ರತಿ ಉಳಿದರೂ ಸಾಕು.

ಇಂತಿ,
ತನಗೇ ತಿಳಿಯದ ರಾಜ್ಯಶಾಸ್ತ್ರವನ್ನು ಮೊಮ್ಮಗಳಿಗೆ ತಡವರಿಸುತ್ತ ಓದಿ ಹೇಳುತ್ತಿರುವ
ಸಿದ್ದಲಿಂಗಮ್ಮ
ಪಾಂಡವಪುರ ತಾಲ್ಲೂಕು