ಎರಡು ಗಂಟೆಯ ಡೋಸು

ಜೂನ್ 3
ಮತ್ತೆ ಅದೇ. ವಾರ್ಡಲ್ಲಿ ಮಧ್ಯಾಹ್ನದ ಆಂಟಿಬಯೋಟಿಕ್ ಇಂಜೆಕ್ಷನ್ ಇರೋ ಆರು ರೋಗಿಗಳಿಗೂ ಕೊಟ್ಟ ಟೈಮು 2.00. ರಿಜಿಸ್ಟರ್ ಒಂದು ತಿಂಗಳು ಹಿಂದಕ್ಕೆ ತಿರುವಿದೆ. ಎಲ್ಲಾ 2.00. ಒಂದೇ ನಿಮಿಷದಲ್ಲಿ ಆರು ಜನಕ್ಕೆ ಚುಚ್ಚೋಕೆ ನಮ್ಮ ಸಿಸ್ಟರುಗಳಿಗೆ ಹನ್ನೆರಡು ಕೈ ಇಲ್ಲ. ನಾನೂ ಹಾಗೇ ಬರೆದವಳೇ, ವರ್ಷಗಟ್ಟಲೆ. ಕೊಟ್ಟ ಹೊತ್ತಲ್ಲ, ಕೊಡಬೇಕಾದ ಹೊತ್ತು.

ಪ್ರತಿ ವಾರ್ಡೂ ಒಂದು ಸುಧಾರಣೆ ಹಿಡಿಯಬೇಕಂತೆ, ದೊಡ್ಡ ಡಾಕ್ಟರ ಆರ್ಡರು. ಮೇಲಿನ ವಾರ್ಡಿನವರು ಪರದೆ ಬದಲಾಯಿಸ್ತಾರಂತೆ. ನಾನು ಇದನ್ನು ಹಿಡಿದೆ.

ಜೂನ್ 4
ಎಲ್ಲರನ್ನೂ ಕೂರಿಸಿ ಹೇಳಿದೆ — ಗಡಿಯಾರ ನೋಡಿ ನಿಜವಾದ ಟೈಮು ಬರೀರಿ, ತಡವಾದರೆ ಯಾರಿಗೂ ಬೈಗುಳ ಇಲ್ಲ. ಆಯಾ ಆಗಿ ಸೇರಿ ಇನ್‌ಚಾರ್ಜ್ ಆದವಳ ಮಾತು, ನಂಬಿ ಅಂದೆ. ತಲೆಯಾಡಿಸಿದರು. ನಂಬಿದ್ದು ಒಬ್ಬಳೇ, ಪಿಸುಮಾತು. ಆ ಹೆಸರಿಟ್ಟದ್ದು ನಾನೇ. ಅವಳ ದನಿ ಅವಳ ಮಾಸ್ಕನ್ನೇ ದಾಟಲ್ಲ.

ಜೂನ್ 11
ಡೋಸು ಕೊಟ್ಟ ಟೈಮಿನ ಗ್ರಾಫ್ ಗೋಡೆಗೆ ಬಂತು. ಉಳಿದವರು ಡ್ಯೂಟಿ ಮಾಡಿದ ದಿನ ಈಗಲೂ 2.00. ಪಿಸುಮಾತಿನದು ಕೊನೇ ಡೋಸು 2.55, 2.52, 3.05. ದೊಡ್ಡ ಡಾಕ್ಟರು ಕನ್ನಡಕ ಏರಿಸಿ ನೋಡಿದರು. ಗ್ರಾಫ್ ಇಲ್ಲದಾಗ ಚೆನ್ನಾಗಿದ್ವಲ್ಲಮ್ಮ ಅಂದರು. ಆ ಹುಡುಗಿಗೆ ಮೆಮೊ ಕೊಡಿ ಅಂದರು. ನಿಜ ಬರೆದವಳಿಗೆ ಮೆಮೊ! ಕಾಡಿ ಬೇಡಿ 21ರವರೆಗೆ ವಾಯಿದೆ ತಗೊಂಡೆ. ಅಷ್ಟರಲ್ಲಿ ಈ ತಡ ಇಳಿಯದಿದ್ದರೆ ಮೆಮೊ, ಗ್ರಾಫೂ ಕಸದಬುಟ್ಟಿಗೆ. ಆಮೇಲೆ ನನ್ನ ಮಾತಿಗೆ ಈ ವಾರ್ಡಲ್ಲಿ ಯಾರು ಕಿವಿ ಕೊಡ್ತಾರೆ?

ಏಳನೇ ಬೆಡ್ಡಿನ ಅಜ್ಜನ ಮಗಳು ಇವತ್ತೂ ಕೇಳಿದಳು, ಕಾಲಿನ ಗಾಯ ಯಾಕೆ ಒಣಗ್ತಿಲ್ಲ ಅಂತ. ಅಜ್ಜನಿಗೂ ಅದೇ ಎರಡು ಗಂಟೆ ಡೋಸು. ಡಾಕ್ಟರನ್ನ ಕೇಳಿ ಅಂದು ಜಾರಿಕೊಂಡೆ.

ಜೂನ್ 13
ಮೇಟ್ರನ್ ಮೀಟಿಂಗಿಗೆ ಚಕ್ಕರ್ ಹೊಡೆದೆ. ಅದು ದಿನಾ 1.45ರಿಂದ 2.40. ವಾಚು, ನೋಟ್‌ಬುಕ್ ಹಿಡಿದು ಟ್ರಾಲಿ ಪಕ್ಕ ನಿಂತೆ. ಪಿಸುಮಾತು ಕೈ ತೊಳೆದಳು, ಟ್ರೇ ಜೋಡಿಸಿದಳು, ಔಷಧಿ ತಗೊಂಡಳು. ಆರೂ ಡೋಸು 2.11ಕ್ಕೆ ಮುಗಿದವು! ಅಂದರೆ ನಾನು ನಿಂತರೆ ಕೆಲಸ, ತಿರುಗಿದರೆ ಹರಟೆ. ಬೈಯಲ್ಲ ಅಂದಿದ್ದೆ. ಬೈದೆ.

ಅವಳು ಟ್ರೇ ಒರೆಸ್ತಾ ಹೇಳಿದಳು, "ಅಕ್ಕಾ, ನೀವಿದ್ರೆ ಕಪಾಟಿನ ಕೀನೂ ಇರುತ್ತೆ."

ಜೂನ್ 17
ಮೂರು ದಿನ ಬರೆಯಲಿಲ್ಲ. ಏನಂತ ಬರೆಯಲಿ.

ಎರಡು ವರ್ಷದ ಹಿಂದೆ ಕಪಾಟಿನಿಂದ ಔಷಧಿ ಕಾಣೆಯಾಯ್ತು. ಆವತ್ತಿಂದ ಹಗಲೆಲ್ಲಾ ಕೀ ನನ್ನ ಸೊಂಟದಲ್ಲಿ. ಊಟಕ್ಕೆ ಹೋದರೂ, ಮೀಟಿಂಗಿಗೆ ಹೋದರೂ. ಅಲ್ಲಿ ನಾನು ಟೀ ಕುಡೀತಿದ್ದೆ, ಇಲ್ಲಿ ಅವಳು ಟ್ರೇ ಹಿಡಿದು ಬೀಗದ ಮುಂದೆ ನಿಂತಿರ್ತಿದ್ದಳು. ಅಜ್ಜ ಅವಳ ದಾರಿ ನೋಡ್ತಾ. ಎಲ್ಲರ ನಿಮಿಷ ಲೆಕ್ಕ ಹಾಕಿದೆ, ನನ್ನದೊಂದು ಬಿಟ್ಟು.

ಮನೆಯವರಿಗೆ ಹೇಳಿದೆ. ರಾತ್ರಿ ಡ್ಯೂಟಿಯವರಿಗೆ ಕೀ ಕೊಟ್ಟು ಬಂದರೂ ಊಟಕ್ಕೆ ಕೂತಾಗ ಸೊಂಟ ಮುಟ್ಕೋತೀಯ, ಆ ಕೀ ಮೇಲಿರೋ ಅಕ್ಕರೆ ನನ್ನ ಮೇಲಿದ್ದಿದ್ದರೆ... ಅಂತ ನಕ್ಕರು. ನಗು ಬರಲಿಲ್ಲ. ಆ ಕೀ ಕೈಗೆ ಬರೋಕೆ ಹತ್ತೊಂಬತ್ತು ವರ್ಷ ದುಡಿದಿದ್ದೀನಿ.

ಜೂನ್ 18
ಒಂದೇ ದಿನ, ಒಂದೇ ಗಂಟೆ, ನೋಡೇ ಬಿಡೋಣ ಅಂತ. 1.40ಕ್ಕೆ ಪಿಸುಮಾತೂ ನಾನೂ ಜೊತೆಗೆ ಎಣಿಸಿದೆವು — ನಲವತ್ತೆಂಟು ಬಾಟಲಿ. ಇಬ್ಬರೂ ಸಹಿ ಹಾಕಿದೆವು. ಕೀ ಬಿಚ್ಚಿ ಕೊಟ್ಟೆ. ಲೆಕ್ಕಕ್ಕಿಂತ ಒಂದು ಕಮ್ಮಿಯಾದರೂ ನನ್ನ ತಲೆದಂಡ. ಮೀಟಿಂಗಲ್ಲಿ ಏನಾಯ್ತೋ ಒಂದಕ್ಷರ ತಲೆಗೆ ಹೋಗಲಿಲ್ಲ.

ವಾಪಸು ಬಂದು ಎಣಿಸಿದೆ. ನಲವತ್ತೆರಡು. ಮತ್ತೆ ಎಣಿಸಿದೆ. ನಲವತ್ತೆರಡೇ. ಆರು ಡೋಸು, ಆರು ಬಾಟಲಿ. ಕೊನೇ ಡೋಸು 2.13.

ಜೂನ್ 20
2.12. ನಿನ್ನೆ 2.15. ಉಳಿದ ಸಿಸ್ಟರುಗಳೂ ನಿಜ ಬರೆಯೋಕೆ ಶುರು ಮಾಡಿದರು. ಬೀಗದ ಮುಂದೆ ಅವರೂ ನಿಂತಿದ್ದರಂತೆ.

ಜೂನ್ 21, ಮಧ್ಯಾಹ್ನ
ಗ್ರಾಫ್ ಎತ್ತಿಕೊಂಡು ದೊಡ್ಡ ಡಾಕ್ಟರ ರೂಮಿಗೆ ಹೋದೆ. ಇಷ್ಟು ಬೇಗ ಹೇಗಮ್ಮಾ ಇಳೀತು ಅಂದರು. ಸೊಂಟ ತೋರಿಸಿದೆ, ಇಷ್ಟು ದಿನ ಕೀ ಇಲ್ಲಿತ್ತು ಅಂತ. ಮೆಮೊ ಬರೆಯೋದಾದರೆ ನನ್ನ ಹೆಸರಿಗೆ ಬರೀರಿ ಸಾರ್ ಅಂದೆ. ಗ್ರಾಫ್ ನನ್ನ ಕೈಗೇ ವಾಪಸು ಕೊಟ್ಟರು. ಗೋಡೆಗೆ ಮತ್ತೆ ಅಂಟಿಸಿ ಅಂದರು, ಅಷ್ಟೇ.

ಅಜ್ಜನ ಗಾಯ ಹಾಗೇ ಇದೆ. ಮಗಳು ಕೇಳಿದಳು. ಈ ಸಲ ಕೀ ವಿಷಯ ಹೇಳಿದೆ, ಪೂರ್ತಿ. ಬೈದಳು. ಕೇಳಿಸ್ಕೊಂಡೆ.

ಪಿಸುಮಾತು ಹಿಂದೇ ಬಂದಳು. ಬೆಳಗಿನ ಆರು ಗಂಟೆ ಡೋಸೂ ದಿನಾ 6.00 ಅಂತಲೇ ಇದೆ ಅಕ್ಕಾ, ಅಂದಳು. ಹೌದಲ್ಲ. ಆ ಹೊತ್ತಿಗೆ ಕೀ ಯಾರ ಸೊಂಟದಲ್ಲಿ —