ಬುತ್ತಿಯೊಳಗಿನ ಗುಳಿಗೆ

14 ಅಕ್ಟೋಬರ್ 2025, ಮಂಗಳವಾರ. ಚಿಕ್ಕೋಡಿ.

ನಾಚಿಕೆ ಇನ್ನೂ ಇಳಿದಿಲ್ಲ. ಕುರಿ ಕಾಯುವ ಕಾಳವ್ವನ ಶುಗರ್ ಇವತ್ತೂ ಮುನ್ನೂರು ದಾಟಿತ್ತು. ಹೇಳಿದ ಮಾತು ಕೇಳುವುದಿಲ್ಲವೆಂದು ಸಿಟ್ಟಿಗೆದ್ದು ನಾನು ಗುಳಿಗೆ ಹೆಚ್ಚಿಸಲು ಹೊರಟಿದ್ದೆ. ನಮ್ಮ ಶೈಲಾ ಸಿಸ್ಟರ್ ನಡುವೆ ಬಂದು, "ಆಯಿ, ಊಟ ಎಷ್ಟೊತ್ತಿಗೆ ಮಾಡ್ತೀರಿ?" ಎಂದು ಕೇಳಿದರು.

"ಹೊತ್ತ ನೆತ್ತಿಗೆ ಬಂದಮ್ಯಾಲ ಬುತ್ತಿ ಬಿಚ್ಚತೇನವ್ವಾ. ಮುಂಜಾನೆ ಗುಳಿಗಿ ನುಂಗಿದ್ರ ಕುರಿ ಹಿಂದ ಚಕ್ಕರ ಬರತೈತಿ. ಅದಕ್ಕ ಬಿಟ್ಟೇನಿ."

"ಹಂಗಾರ ಗುಳಿಗೀನೂ ಬುತ್ತ್ಯಾಗ ಕಟ್ಕೊರಿ. ರೊಟ್ಟಿ ಮುರಿಯೂಮುಂದ ನುಂಗ್ರಿ."

ಈ ಗುಳಿಗೆಯನ್ನು ಖಾಲಿ ಹೊಟ್ಟೆಯಲ್ಲಿ ನುಂಗಿದರೆ ಶುಗರ್ ತೀರಾ ಇಳಿದು ತಲೆ ಸುತ್ತುತ್ತದೆ; 'ದಿನದ ಮೊದಲ ಊಟದ ಜೊತೆ' ಎಂದೇ ವೈದ್ಯಕೀಯ ಪುಸ್ತಕದಲ್ಲೂ ಇದೆ. ಚೀಟಿಯಲ್ಲಿ 'ಬೆಳಿಗ್ಗೆ' ಎಂದು ಬರೆದವನು ನಾನು. ಡಾಕ್ಟರನಾದ ನನಗಿಂತ ಸಿಸ್ಟರ್ ಆ ಪುಸ್ತಕವನ್ನು ಚೆನ್ನಾಗಿ ಅರಿತಿದ್ದಾರೆ. ನಾಲ್ಕು ಸಲ ಕಾಳವ್ವನ ರಕ್ತ ತೆಗೆಸಿದ್ದೇನೆ. ಬಸ್ಸಿನಲ್ಲಿ ಪಕ್ಕದಲ್ಲಿ ಕೂತ ಅಪರಿಚಿತರೂ ಕೇಳುವ 'ಊಟ ಆತೇನ್ರಿ' ಮಾತ್ರ ಒಮ್ಮೆಯೂ...