ಝೆರಾಕ್ಸಿನಲ್ಲಿ ಬಣ್ಣ ಬರುವುದಿಲ್ಲ

11-9-2007, ಸಂಜೆ

ಇವತ್ತು ಎಂಟೇ ಹುಳು. ದುಂಬಿಗೆ ಸೂಜಿ ಬಲರೆಕ್ಕೆಗೆ ಚುಚ್ಚಬೇಕು, ಮತ್ತೆ ಎಡಕ್ಕೇ ಚುಚ್ಚಿದೆ. ಲೇಬಲ್ ಬಾಕಿ. ಕೃಷಿ ಕಾಲೇಜಿನ ಈ ಗ್ರಾಮವಾಸ ಮುಗಿಯುವುದರೊಳಗೆ ಕೀಟದ ಪೆಟ್ಟಿಗೆ ತುಂಬದಿದ್ದರೆ ಮಾರ್ಕ್ಸ್ ಗೋತಾ.

ನಾನಿರುವ ಮನೆಯ ದೇವಕ್ಕ ಭತ್ತದ ಗರಿಯೊಂದನ್ನು ಹಿಡಿದು ಬಂದಳು. ಮೇಲೆ ಅರಳೆಯಂಥ ಬಿಳಿ ಉಂಡೆ.

"ಇದೇನವ್ವ? ಕೆನಾಲ್ ದಂಡಿ ಗದ್ದಿ ತುಂಬ ಇವೇ ಅದಾವ."

ಕೀಟಗಳ ಪುಸ್ತಕದ ಝೆರಾಕ್ಸ್ ಹಾಳೆ ತೆಗೆದೆ. ಚಿತ್ರ 17. ಕಾಂಡ ಕೊರೆಯುವ ಹುಳುವಿನ ಮೊಟ್ಟೆ, ಮೇಲೆ ನವಿರು ಕೂದಲು. ಸೇಮ್! ಆರಿಸಿ ಸುಡಿ ಎಂದೆ. ಎಷ್ಟು ಧೈರ್ಯ ನನಗೆ...

13-9

ಹತ್ತು ಹೆಂಗಸರು ಸೇರಿ ಆರಿಸಿದರು. ಬುಟ್ಟಿಗಟ್ಟಲೆ ಸುಟ್ಟರು. ಕಾಲೇಜಿನ ಗೈಡ್ ಸರ್ ಫೋನಿನಲ್ಲಿ ಶಭಾಶ್ ಎಂದರು — ಇಪ್ಪತ್ತಕ್ಕೆ ಬಂದು ಫೋಟೊ ತೆಗೆಯುತ್ತಾರಂತೆ. ಖುಷಿ. ಎರಡು ಉಂಡೆ ಬಾಟಲಿಗೆ ಹಾಕಿಟ್ಟೆ. ಮರಿ ಬಂದರೆ ಪೆಟ್ಟಿಗೆಗಾಯಿತು.

18-9

ಬಾಟಲಿಯಲ್ಲಿ ಮರಿಹುಳುವಿಲ್ಲ. ಸಾಸಿವೆಯಷ್ಟು ಕರಿ ಕಣಜಗಳು, ಮೂವತ್ತೋ ನಲವತ್ತೋ. ಲೆನ್ಸ್ ಹಿಡಿದೆ. ನಾಲ್ಕು ರೆಕ್ಕೆ, ಸಣ್ಣ ಸೊಂಟ. ಹಾಳೆಯಲ್ಲಿ ಇವಿಲ್ಲ. ನಾಳೆ ಮೂಲ ಪುಸ್ತಕ ನೋಡಬೇಕು.

19-9

ಬಸ್ ಹಿಡಿದು ಭೀಮರಾಯನಗುಡಿಯ ಕಾಲೇಜಿಗೆ. ಲೈಬ್ರರಿಯಲ್ಲಿ ಮೂಲ ಪುಸ್ತಕ. ಚಿತ್ರ 17 — ಮೊಟ್ಟೆಯ ಮೇಲಿನ ಕೂದಲು ಕಂದು! ಬಿಳಿ ಉಂಡೆ ಇದ್ದದ್ದು ಮುಂದಿನ ಪುಟದಲ್ಲಿ. ಸಾಕು ಎಂದು ನಾನು ಝೆರಾಕ್ಸ್ ಮಾಡಿಸದ ಪುಟ. ಭತ್ತ ತಿನ್ನುವ ಹುಳುವಿನ ಒಡಲಲ್ಲೇ ಬೆಳೆದು ಅದನ್ನು ಕೊಲ್ಲುವ ಕಣಜದ ಗೂಡಂತೆ. ಬೆಳೆ ಕಾಯುವುದನ್ನೇ ಸುಡಿಸಿದ್ದೇನೆ. ಅಲ್ಲೇ ಕುರ್ಚಿಯಲ್ಲಿ ಅಳು ಬಂತು.

ವಾಪಸ್ ಬರುವಷ್ಟರಲ್ಲಿ ಹೆಂಗಸರು ಪಕ್ಕದ ಮನೆಯ ಮಕ್ತುಂಬಿಯ ಗದ್ದೆಯ ಉಂಡೆಗಳನ್ನೂ ಆರಿಸಿ ತಂದಿದ್ದಾರೆ, ನಾಳೆ ಸರ್ ಎದುರಿಗೆ ಸುಡಲು. ಯಾರಿಗೂ ಹೇಳದೆ ಬಾಟಲಿಯನ್ನು ಚೀಲದಡಿ ಬಚ್ಚಿಟ್ಟೆ. ಹೇಡಿ ನಾನು.

20-9, ಬೆಳಿಗ್ಗೆ 9

ದೇವಕ್ಕನಿಗೆ ಹೇಳಿಬಿಟ್ಟೆ. ರೊಟ್ಟಿ ಬಡಿಯುವ ಕೈ ನಿಂತಿತು.

"ನೀನಽ ತೋರ್ಸಿದ್ದಿ, ನಾವು ಆರ್ಸೀವಿ. ಆಗಿದ್ದು ಆತು. ಇವತ್ತೊಂದಿನ ಸುಮ್ಕಿರವ್ವ, ಇಲ್ಲಂದ್ರ ನಿನ್ನ ಮಾರ್ಕ್ಸ್ ಹೋಗ್ತಾವ. ನಾಳಿಂದ ಆರ್ಸೂದು ಬಿಡ್ತೀವಿ."

ಬೈದಿದ್ದರೇ ಚೆನ್ನಾಗಿತ್ತು.

9.40

ಜೀಪ್ ಬಂತು. ಅಂಗಳದಲ್ಲಿ ಮಕ್ತುಂಬಿಯ ಕೂಗು — "ಮೇಡಮ್, ಬರ್ರಿ ಜಲ್ದಿ! ಕಡ್ಡಿ ನೀವೇ ಕೊರೀಬೇಕಂತ್ರಿ, ಸಾಹೇಬ್ರು ಫೋಟೊ ತಗೀತಾರಂತ!"

ದೇವಕ್ಕ ಕಡ್ಡಿಪೆಟ್ಟಿಗೆ ತಂದು ನನ್ನ ಮುಂದಿಟ್ಟು ಹೋದಳು. ಮುಖ ನೋಡಲಿಲ್ಲ.

ಕಡ್ಡಿಪೆಟ್ಟಿಗೆ ಇಲ್ಲೇ ಇರಲಿ, ಬಾಟಲಿ ಒಯ್ಯುತ್ತೇನೆ. ಆ ರಾಶಿ ವಾಪಸ್ ಗದ್ದೆಯ ಬದುವಿಗೆ ಹೋಗಬೇಕು. ಮೊದಲು ಮಕ್ತುಂಬಿಗೆ ಹೇಳಬೇಕು, ಆಮೇಲೆ ಸರ್‌ಗೆ. ಪುಸ್ತಕದ ತಪ್ಪಲ್ಲ, ನಾನೇ —